ದೂರ ಪ್ರಯಾಣದ ಮೋಟಾರ್‌ಸೈಕಲ್ಲಿಗೆ ಹೆಚ್ಚುವರಿ ದೀಪ: ಆಯ್ಕೆ ಮತ್ತು ಜೋಡಣೆ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ತವರೂರು ಕೆಲವೇ ಗಂಟೆಗಳ ದಾರಿ. ಬೀದರ್ ಸುಮಾರು 140 ಕಿಲೋಮೀಟರ್, ಕಲಬುರಗಿ ಮತ್ತು ರಾಯಚೂರು ಇನ್ನೂರರ ಆಸುಪಾಸು, ಬೆಂಗಳೂರು ಸುಮಾರು 570. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಈ ಹಾದಿಗಳಲ್ಲಿ ನಮ್ಮವರ ಓಡಾಟ ಹೊಸದೇನಲ್ಲ. ಬದಲಾಗಿರುವುದು ವಾಹನ ಮತ್ತು ವೇಳೆ. ಬಸ್ಸು, ರೈಲುಗಳನ್ನೇ ನೆಚ್ಚಿಕೊಂಡಿದ್ದ ಹಿರಿಯರ ಮಕ್ಕಳು ಇಂದು ಮೋಟಾರ್‌ಸೈಕಲ್ ಏರಿ ಊರಿಗೆ ಹೊರಡುತ್ತಾರೆ. ಶುಕ್ರವಾರ ಸಂಜೆ ಕಚೇರಿ ಮುಗಿಸಿ ಹೊರಟವರು ನಗರವನ್ನು ದಾಟುವಷ್ಟರಲ್ಲಿ ಕತ್ತಲು ಕವಿದಿರುತ್ತದೆ.

ಆ ಕತ್ತಲನ್ನು ಎದುರಿಸಲು ವಾಹನಕ್ಕೆ ಎರಡು ಹೆಚ್ಚುವರಿ ದೀಪಗಳನ್ನು ಹಾಕಿಸಿಕೊಳ್ಳಬೇಕೆಂಬ ಬಯಕೆ ಸಹಜವಾದುದು. ಆದರೆ ಸವಾರನಿಗೆ ದಾರಿ ತೋರಿಸುವ ದೀಪವೇ ಎದುರಿನಿಂದ ಬರುವವನ ಕಣ್ಣು ಕಟ್ಟಿಬಿಡಬಲ್ಲದು. ಎದುರಿನವನೂ ನಮ್ಮಂತೆಯೇ ಮನೆಗೆ ಹೊರಟವನು. ಅವನಿಗೆ ದಾರಿ ಕಾಣದಿದ್ದರೆ ಅಪಾಯ ಅವನೊಬ್ಬನದಲ್ಲ. ಆದುದರಿಂದ ದೀಪವನ್ನು ಆರಿಸುವಾಗ ಅದು ಎಷ್ಟು ಬೆಳಗುತ್ತದೆ ಎಂದು ಕೇಳುವುದರ ಜೊತೆಗೆ ಅದರ ಬೆಳಕು ಎಲ್ಲಿ ನಿಲ್ಲುತ್ತದೆ ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು ದೀಪಗಳ ಆಯ್ಕೆ ಹಾಗೂ ಜೋಡಣೆಯ ವಿಚಾರವನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ನಮ್ಮ ದಾರಿಗಳ ಸ್ವರೂಪ

ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 (2010ರ ಮರುಸಂಖ್ಯೆಗೆ ಮುನ್ನ ಇದು ಹೆದ್ದಾರಿ 7) ವಿಭಜಕವುಳ್ಳ ಅಗಲವಾದ ರಸ್ತೆ. ಇಲ್ಲಿ ವೇಗ ಹೆಚ್ಚು, ಆದ್ದರಿಂದ ದೂರದವರೆಗೆ ಕಾಣಬೇಕು. ಚಳಿಗಾಲದ ಮುಂಜಾನೆ ಚಿಕ್ಕಬಳ್ಳಾಪುರದ ಸುತ್ತಮುತ್ತ ಮಂಜು ಕವಿದಿದ್ದರೆ ಅದೇ ದೂರದ ಬೆಳಕು ನಿರುಪಯುಕ್ತವಾಗುತ್ತದೆ. ಚೇವೆಳ್ಳ, ಪರಿಗಿ, ಕೊಡಂಗಲ್ ಮೂಲಕ ಗುರುಮಠಕಲ್ ಮತ್ತು ಯಾದಗಿರಿಯ ಕಡೆಗೆ ಸಾಗುವ ಮಾರ್ಗ ಆಲದ ಮರಗಳ ಸಾಲಿಗೆ ಹೆಸರಾದುದು. ಆ ಕೊಂಬೆಗಳ ಕೆಳಗೆ ಬೆಳದಿಂಗಳೂ ಇಳಿಯುವುದಿಲ್ಲ. ಮಹಬೂಬ್‌ನಗರವನ್ನು ದಾಟಿ ಮಕ್ತಲ್ ಮೂಲಕ ಕೃಷ್ಣಾ ನದಿಯತ್ತ ಹೋಗುವಾಗ ಎದುರಿನ ಲಾರಿಗೂ ನಮಗೂ ನಡುವೆ ವಿಭಜಕವಿಲ್ಲದ ಹಾದಿ ಸಿಗುತ್ತದೆ. ಜಹೀರಾಬಾದ್ ಮತ್ತು ಬೀದರ್ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಾಲುಗಟ್ಟಿ ಚಲಿಸುತ್ತವೆ. ಎಲ್ಲ ಕಡೆಯೂ ರಸ್ತೆಗೆ ಅಡ್ಡ ಬರುವ ಎಮ್ಮೆ ಇದ್ದದ್ದೇ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹೈದರಾಬಾದನ್ನು ಸುತ್ತುವರಿದ 158 ಕಿಲೋಮೀಟರ್ ಉದ್ದದ ಹೊರ ವರ್ತುಲ ರಸ್ತೆಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಹೀಗಾಗಿ ನಮ್ಮ ಸವಾರರು ಬೀದಿದೀಪಗಳಿರುವ ನಗರದ ರಸ್ತೆಗಳಲ್ಲೇ ಬಹಳ ಹೊತ್ತು ಸಾಗಬೇಕಾಗುತ್ತದೆ. ಅಲ್ಲಿ ಹೆಚ್ಚುವರಿ ದೀಪದ ಅಗತ್ಯವೇ ಇಲ್ಲ. ಆರಿಸಲು ಬಾರದ ದೀಪ ನಗರದಲ್ಲಿ ಪೀಡೆಯಾದೀತು.

ಮೊದಲು ಇರುವ ಹೆಡ್‌ಲೈಟ್

ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಅಡ್ಡಿಯನ್ನು ಕಂಡು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡು ಬೇಕೆಂದು ಹಿಡಿದರೆ ಅಷ್ಟರಲ್ಲಿ 25 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದು ನಿಲ್ಲಲು ಮತ್ತೆ 23 ಮೀಟರ್ ಬೇಕು. ಒಟ್ಟು 48 ಮೀಟರ್. ಇದೇ ಲೆಕ್ಕದಲ್ಲಿ 80 ಕಿ.ಮೀ. ವೇಗಕ್ಕೆ ಸುಮಾರು 75 ಮೀಟರ್, 100 ಕಿ.ಮೀ. ವೇಗಕ್ಕೆ ಸುಮಾರು 106 ಮೀಟರ್ ಆಗುತ್ತದೆ. ಸಾಮಾನ್ಯ ಡಿಪ್ ಬೆಳಕಿನಲ್ಲಿ ದೀಪವಿಲ್ಲದ ಕಪ್ಪು ವಸ್ತುವೊಂದು ಸ್ಪಷ್ಟವಾಗಿ ಕಾಣುವುದು 50 ಮೀಟರ್ ಆಸುಪಾಸಿನಲ್ಲಿ. ಅಂದರೆ 60ರ ವೇಗದಾಚೆಗೆ ನಾವು ಕಾಣದ ದಾರಿಯ ಮೇಲೆ ಓಡುತ್ತಿರುತ್ತೇವೆ. ಹೆಚ್ಚುವರಿ ದೀಪದ ಅಗತ್ಯ ಹುಟ್ಟುವುದು ಇಲ್ಲಿ. ವೇಗ ತಗ್ಗಿಸಿದರೆ ಆ ಅಗತ್ಯವೂ ತಗ್ಗುತ್ತದೆ ಎಂಬುದನ್ನು ಮರೆಯಬಾರದು.

ಹಣ ವೆಚ್ಚ ಮಾಡುವ ಮುನ್ನ ಇರುವ ಹೆಡ್‌ಲೈಟನ್ನು ಸರಿಪಡಿಸಿಕೊಳ್ಳುವುದು ಲೇಸು. ಗಾಜು ಮಸುಕಾಗಿದೆಯೇ, ಬಲ್ಬ್ ಹಳತಾಗಿ ಕಪ್ಪಗಾಗಿದೆಯೇ, ಬೆಳಕು ನೆಲಕ್ಕೋ ಮರದ ತುದಿಗೋ ಬೀಳುತ್ತಿದೆಯೇ ಎಂದು ಪರೀಕ್ಷಿಸಬೇಕು. ಹ್ಯಾಲೊಜೆನ್ ಬಲ್ಬಿಗೆಂದು ರೂಪಿಸಿದ ಹೆಡ್‌ಲೈಟಿನೊಳಗೆ ಅಗ್ಗದ ಎಲ್‌ಇಡಿ ಬಲ್ಬ್ ತುರುಕುವುದು ಸರಿಯಲ್ಲ. ಅದರ ಪ್ರತಿಫಲಕದ ಬಾಗು ತಂತಿಯ ಸ್ಥಾನವನ್ನು ಕರಾರುವಾಕ್ಕಾಗಿ ಲೆಕ್ಕಹಾಕಿ ಮಾಡಿದ್ದು. ಬೆಳಕಿನ ಮೂಲ ಅಲ್ಲಿಂದ ಕೆಲವು ಮಿಲಿಮೀಟರ್ ಸರಿದರೂ ಡಿಪ್ ಬೆಳಕಿನ ಮೇಲಂಚು ಕದಡಿ, ಎಲ್ಲೆಡೆಗೂ ಚೆಲ್ಲುತ್ತದೆ. 55 ವ್ಯಾಟಿನ ಜಾಗದಲ್ಲಿ 90 ಅಥವಾ 100 ವ್ಯಾಟಿನ ಬಲ್ಬ್ ಹಾಕಿದರೆ ಹೋಲ್ಡರ್ ಮತ್ತು ವೈರು ಸುಡುವ ಅಪಾಯವಿದೆ.

ದೀಪಗಳಲ್ಲಿ ಮೂರು ಬಗೆ

ಅಂಗಡಿಯಲ್ಲಿ ಎಲ್ಲ ಹೆಚ್ಚುವರಿ ದೀಪಗಳಿಗೂ ʻಫಾಗ್ ಲೈಟ್' ಎಂಬ ಒಂದೇ ಹೆಸರು. ವಾಸ್ತವದಲ್ಲಿ ಇವು ಬೇರೆ ಬೇರೆ.

ಮೊದಲನೆಯದು ನಿಜವಾದ ಫಾಗ್ ಲೈಟ್. ಇದರ ಬೆಳಕು ಬಹಳ ಅಗಲ, ಆದರೆ ಎತ್ತರದಲ್ಲಿ ಕಡಿಮೆ. ಗೋಡೆಯ ಮೇಲೆ ಬಿಟ್ಟು ನೋಡಿದರೆ ಮೇಲಂಚು ಚಾಕುವಿನಲ್ಲಿ ಕತ್ತರಿಸಿದಂತೆ ಸಮನಾಗಿರುತ್ತದೆ. ರಸ್ತೆಯ ಅಂಚು, ಗುಂಡಿ, ತಿರುವುಗಳು ಇದರಿಂದ ಕಾಣುತ್ತವೆ, ಎದುರಿನವರ ಕಣ್ಣಿಗೆ ಬೆಳಕು ಏರುವುದಿಲ್ಲ. ಎರಡನೆಯದು ದೂರಕ್ಕೆ ಬೆಳಕು ಎಸೆಯುವ ಡ್ರೈವಿಂಗ್ ಅಥವಾ ಸ್ಪಾಟ್ ದೀಪ. ಇದು ಹೈಬೀಮ್‌ನ ಸಹಾಯಕ. ಮೂರನೆಯದು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವ ಫ್ಲಡ್ ದೀಪ. ಇದು ಹೊಲಗದ್ದೆಗಳಲ್ಲಿ, ಕಲ್ಲುಗಣಿಗಳಲ್ಲಿ ಕೆಲಸ ಮಾಡುವ ಯಂತ್ರಗಳಿಗೆ ತಕ್ಕದ್ದು. ಸಾರ್ವಜನಿಕ ರಸ್ತೆಗೆ ಇದು ಒಗ್ಗುವುದಿಲ್ಲ. ದುರದೃಷ್ಟವಶಾತ್ ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುವುದು ಹೆಚ್ಚಾಗಿ ಈ ಮೂರನೆಯ ಬಗೆಯೇ.

ವಿಭಜಕವಿಲ್ಲದ ಹಾದಿಯಲ್ಲಿ ಹೆಚ್ಚಾಗಿ ಓಡಾಡುವವರಿಗೆ ಮೊದಲನೆಯ ಬಗೆಯ ಒಂದು ಜೋಡಿ ಸಾಕು ಎಂಬುದು ನಮ್ಮ ಅಭಿಪ್ರಾಯ.

ಬಣ್ಣದ ವಿಷಯದಲ್ಲಿ ಒಂದು ನಂಬಿಕೆ ಬಹುಕಾಲದಿಂದ ಉಳಿದುಬಂದಿದೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುತ್ತಾರೆ. ಫ್ರಾನ್ಸ್ ದೇಶವು 1930ರ ದಶಕದಿಂದ 1993ರವರೆಗೆ ವಾಹನಗಳಿಗೆ ಹಳದಿ ಹೆಡ್‌ಲೈಟನ್ನೇ ಕಡ್ಡಾಯ ಮಾಡಿತ್ತು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿಯೇ ಚದುರಿಸುತ್ತವೆ. ನೀಲಿ ಛಾಯೆಯ ಬಿಳಿ ಬೆಳಕಿಗಿಂತ ಹಳದಿ ಕಣ್ಣಿಗೆ ಹಿತವೆನಿಸುವುದು ನಿಜ. ಆದರೆ ಮಂಜಿನಲ್ಲಿ ನಿಜವಾಗಿ ನೆರವಾಗುವುದು ದೀಪವು ಕೆಳಗಿರುವುದು ಮತ್ತು ಬೆಳಕು ಮೇಲೇರದಿರುವುದು. ಮೇಲಂಚಿಲ್ಲದ ದೀಪಕ್ಕೆ ಹಳದಿ ಹಾಳೆ ಅಂಟಿಸಿದ ಮಾತ್ರಕ್ಕೆ ಅದು ಫಾಗ್ ಲೈಟ್ ಆಗದು.

ಅಂಗಡಿಯಲ್ಲಿ ಏನು ನೋಡಬೇಕು

ನಮ್ಮ ನಗರದಲ್ಲಿ ವಾಹನದ ಬಿಡಿಭಾಗಗಳಿಗೆ ಸಿಕಂದರಾಬಾದಿನ ರಾಣಿಗಂಜ್, ವಿದ್ಯುತ್ ಸಾಮಗ್ರಿಗಳಿಗೆ ಕೋಠಿಯ ಬಳಿಯ ಟ್ರೂಪ್ ಬಜಾರ್ ಹೆಸರಾಗಿವೆ. ಎಲ್ಲಿ ಕೊಂಡರೂ ಡಬ್ಬದ ಮೇಲಿನ ವ್ಯಾಟ್ ಸಂಖ್ಯೆಗೆ ಮರುಳಾಗಬಾರದು. ವ್ಯಾಟ್ ಎಂಬುದು ದೀಪ ನುಂಗುವ ವಿದ್ಯುತ್ತಿನ ಅಳತೆ. ಹೊರಬರುವ ಒಟ್ಟು ಬೆಳಕಿಗೆ ಲ್ಯೂಮೆನ್, ಒಂದು ಜಾಗದ ಮೇಲೆ ಬೀಳುವ ಬೆಳಕಿಗೆ ಲಕ್ಸ್ ಎಂಬ ಅಳತೆಗಳಿವೆ. ದೂರ ಇಮ್ಮಡಿಯಾದರೆ ಲಕ್ಸ್ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಒಳ್ಳೆಯ ಮಸೂರವುಳ್ಳ 15 ವ್ಯಾಟಿನ ದೀಪ, ಕೆಟ್ಟ ಮಸೂರದ 40 ವ್ಯಾಟಿನ ದೀಪಕ್ಕಿಂತ ದಾರಿಯನ್ನು ಚೆನ್ನಾಗಿ ತೋರಿಸಬಲ್ಲದು. ಹೇಳಿದ ವ್ಯಾಟ್ ಸುಳ್ಳೋ ನಿಜವೋ ಎಂದು ತಿಳಿಯಲು ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿಗೆ ಮೀಟರ್ ಮೂಲಕ ಜೋಡಿಸಿ ನೋಡಬಹುದು. 40 ವ್ಯಾಟಿನ ದೀಪ ಮೂರು ಆಂಪಿಯರಿಗೂ ಮಿಕ್ಕಿ ಎಳೆಯಬೇಕು. ಒಂದೇ ಆಂಪಿಯರ್ ಎಳೆದರೆ ಅದು 12 ವ್ಯಾಟಿನ ದೀಪವೇ ಸರಿ.

ಗಾಜಿನ ಮೇಲಿನ ಗುರುತನ್ನು ಓದುವುದು ಇನ್ನೂ ಮುಖ್ಯ. ವಿಶ್ವಸಂಸ್ಥೆಯ ವಾಹನ ನಿಯಮಗಳಂತೆ ಅನುಮೋದಿತವಾದ ದೀಪದ ಗಾಜಿನಲ್ಲಿ ವೃತ್ತದೊಳಗೆ ಇಂಗ್ಲಿಷಿನ ʻಇ' ಅಕ್ಷರ ಹಾಗೂ ಒಂದು ಸಂಖ್ಯೆ ಇರುತ್ತದೆ. ಫಾಗ್ ಲೈಟಾದರೆ ʻಬಿ' ಅಥವಾ ʻಎಫ್3' ಎಂಬ ಗುರುತು ಇರುತ್ತದೆ. ನಮ್ಮ ದೇಶದಲ್ಲಿ ಪುಣೆಯ ಎಆರ್‌ಎಐಯಂಥ ಸಂಸ್ಥೆಗಳು ವಾಹನ ದೀಪಗಳನ್ನು ಪರೀಕ್ಷಿಸುತ್ತವೆ. ಮಳೆ, ಧೂಳಿನಿಂದ ರಕ್ಷಣೆಗಾಗಿ ʻಐಪಿ 67' ಎಂಬ ಸೂಚಿಯನ್ನು ನೋಡಬೇಕು. ಇಲ್ಲಿ 6 ಎಂದರೆ ಧೂಳು ಒಳಹೋಗದು, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಎಲ್‌ಇಡಿ ದೀಪದ ಹಿಂಬದಿಯಲ್ಲಿ ಶಾಖ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿಗಳು ದಪ್ಪವಾಗಿರಬೇಕು. ತೆಲಂಗಾಣದ ಬೇಸಿಗೆಯಲ್ಲಿ ಶಾಖವೇ ಎಲ್‌ಇಡಿಯ ಆಯುಸ್ಸನ್ನು ತಿನ್ನುತ್ತದೆ.

ವಿದ್ಯುತ್ತಿನ ಆಯವ್ಯಯ

ವಾಹನದ ಆಲ್ಟರ್ನೇಟರ್ ಉತ್ಪಾದಿಸುವ ವಿದ್ಯುತ್ತು ಮನೆಯ ಸಂಬಳದಂತೆ ಮಿತವಾದುದು. ಉದಾಹರಣೆಗೆ ಅದು 220 ವ್ಯಾಟ್ ಎನ್ನೋಣ. ಹೆಡ್‌ಲೈಟ್, ಹಿಂದೀಪ, ಇಗ್ನಿಷನ್, ಪೆಟ್ರೋಲ್ ಪಂಪ್, ಮೀಟರ್ ಇವೆಲ್ಲ ಸೇರಿ 140 ವ್ಯಾಟ್ ಬಳಸಿದರೆ ಉಳಿಯುವುದು 80. ಮೊಬೈಲ್ ಚಾರ್ಜರ್ ಮತ್ತು ಬ್ಯಾಟರಿಯ ಪೂರಣಕ್ಕೆ ಅದರಲ್ಲಿ ಒಂದು ಪಾಲು ಬಿಟ್ಟರೆ 20 ವ್ಯಾಟಿನ ಎರಡು ಎಲ್‌ಇಡಿಗಳು ಧಾರಾಳವಾಗಿ ಹಿಡಿಸುತ್ತವೆ. 55 ವ್ಯಾಟಿನ ಎರಡು ಹ್ಯಾಲೊಜೆನ್‌ಗಳು, ಅಂದರೆ 110 ವ್ಯಾಟ್, ಹಿಡಿಸವು. ಎಂಜಿನ್ ನಿಧಾನವಾಗಿ ತಿರುಗುವಾಗ ಉತ್ಪಾದನೆ ಇನ್ನೂ ಕಡಿಮೆಯಿರುತ್ತದೆ. ನಿಮ್ಮ ವಾಹನದ ಆಲ್ಟರ್ನೇಟರ್ ಎಷ್ಟು ವ್ಯಾಟಿನದು ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ವೈರು, ಫ್ಯೂಸ್, ರಿಲೇ

ಹೆಡ್‌ಲೈಟಿನ ವೈರನ್ನೇ ಕೊಯ್ದು ಹೊಸ ದೀಪಕ್ಕೆ ಕವಲು ಕೊಡುವುದು ನಮ್ಮಲ್ಲಿ ಸಾಮಾನ್ಯವಾದ ರೂಢಿ. ಅದು ಅಪಾಯಕರ. ಹ್ಯಾಂಡಲ್ಲಿನ ಸಣ್ಣ ಸ್ವಿಚ್ಚು ಹೆಚ್ಚಿನ ಭಾರವನ್ನು ತಾಳುವುದಿಲ್ಲ. ಸರಿಯಾದ ಕ್ರಮದಲ್ಲಿ ದೀಪಕ್ಕೆ ವಿದ್ಯುತ್ತು ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಮತ್ತು ರಿಲೇ ಮೂಲಕ ಬರಬೇಕು. ಹ್ಯಾಂಡಲ್ಲಿನ ಸ್ವಿಚ್ಚು ರಿಲೇಗೆ ಆಜ್ಞೆ ಮಾತ್ರ ಕೊಡಬೇಕು.

ನಾಲ್ಕು ಕಾಲಿನ ರಿಲೇ ಮೇಲೆ 30, 87, 86, 85 ಎಂಬ ಅಂಕಿಗಳಿರುತ್ತವೆ. ಬ್ಯಾಟರಿಯ ಧನ ತುದಿಯಿಂದ ಫ್ಯೂಸ್ ದಾಟಿ ಬಂದ ವೈರು 30ಕ್ಕೆ, ದೀಪಕ್ಕೆ ಹೋಗುವ ವೈರು 87ಕ್ಕೆ, ಸ್ವಿಚ್ಚಿನಿಂದ ಬರುವ ವೈರು 86ಕ್ಕೆ, 85 ಅರ್ತ್‌ಗೆ. ಫ್ಯೂಸ್ ಬ್ಯಾಟರಿಗೆ ಒಂದು ಗೇಣಿಗಿಂತ ದೂರವಿರಬಾರದು. ದೂರವಿದ್ದರೆ ನಡುವಿನ ವೈರು ಸವೆದು ಚಾಸಿಗೆ ತಗುಲಿದಾಗ ಅದನ್ನು ಕಾಪಾಡುವವರಿಲ್ಲ. 40 ವ್ಯಾಟಿನ ಜೋಡಿಗೆ 5 ಆಂಪಿಯರ್ ಫ್ಯೂಸ್, ಒಂದು ಚದರ ಮಿಲಿಮೀಟರ್ ತಾಮ್ರದ ವೈರು ಸಾಕು. ತೆಳುವಾದ ವೈರು ವೋಲ್ಟೇಜನ್ನು ಹಾದಿಯಲ್ಲೇ ನುಂಗುತ್ತದೆ. ಹ್ಯಾಲೊಜೆನ್ ದೀಪಕ್ಕೆ ತಲುಪುವ ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಬೆಳಕು ಸುಮಾರು ಶೇ. 30ರಷ್ಟು ಕುಸಿಯುತ್ತದೆ. ಕೆಲಸಕ್ಕೆ ತೊಡಗುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಬೇಕು, ಕೊನೆಯಲ್ಲಿ ಮತ್ತೆ ಜೋಡಿಸಬೇಕು.

86ನೆಯ ಕಾಲಿಗೆ ಆಜ್ಞೆ ಎಲ್ಲಿಂದ ಬರಬೇಕು ಎಂಬುದು ಈ ಇಡೀ ಜೋಡಣೆಯ ತಿರುಳು. ದೂರದ ದೀಪವಾದರೆ ಹೈಬೀಮ್ ವೈರಿನಿಂದಲೇ ಬರಬೇಕು, ಅದರೊಂದಿಗೆ ಪ್ರತ್ಯೇಕ ಸ್ವಿಚ್ಚೂ ಇರಬೇಕು. ಆಗ ಎದುರಿನ ವಾಹನಕ್ಕಾಗಿ ಡಿಪ್ ಮಾಡಿದೊಡನೆ ಹೆಚ್ಚುವರಿ ದೀಪವೂ ತಾನಾಗಿ ಆರುತ್ತದೆ. ಎಡಗೈಯ ಒಂದೇ ಹೆಬ್ಬೆರಳಿಗೆ ಎರಡು ಸ್ವಿಚ್ಚುಗಳನ್ನು ಒಪ್ಪಿಸಿದರೆ ಕತ್ತಲಲ್ಲಿ ಒಂದು ಮರೆತುಹೋಗುವುದು ಖಂಡಿತ. ತಗ್ಗಿನ ಫಾಗ್ ಲೈಟಾದರೆ ಪಾರ್ಕಿಂಗ್ ದೀಪದ ವೈರಿನಿಂದ ಸ್ವಿಚ್ಚಿನ ಮೂಲಕ ಆಜ್ಞೆ ಪಡೆಯಬಹುದು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ನಿನೊಂದಿಗೆ ತಾನಾಗಿ ಉರಿಯುವ ವ್ಯವಸ್ಥೆ ಬಂದಿದೆ. ಹೆಚ್ಚುವರಿ ದೀಪ ಹಾಗೆ ಸದಾ ಉರಿಯಬಾರದು.

ಗಣಕದ ಹಿಡಿತದಲ್ಲಿರುವ ಹೊಸ ವಾಹನಗಳ ಮೂಲ ವೈರಿಂಗನ್ನು ಕೊಯ್ದರೆ ದೋಷಸೂಚಿ ಬೆಳಗುವುದಲ್ಲದೆ ವಾರಂಟಿಯೂ ಕೈತಪ್ಪಬಹುದು. ಅಂಥವರು ತಯಾರಕರೇ ಒದಗಿಸುವ ದೀಪ ಹಾಗೂ ಕನೆಕ್ಟರನ್ನು ಬಳಸುವುದು ಕ್ಷೇಮ.

ಎಲ್ಲಿ, ಹೇಗೆ ಕೂರಿಸಬೇಕು

ಫಾಗ್ ಲೈಟು ಹೆಡ್‌ಲೈಟಿಗಿಂತ ಕೆಳಗಿರಬೇಕು. ಕ್ರ್ಯಾಶ್ ಗಾರ್ಡ್ ಇದಕ್ಕೆ ಅನುಕೂಲವಾದ ಸ್ಥಳ. ಆದರೆ ವಾಹನ ಮಗುಚಿದಾಗ ಮೊದಲು ನೆಲಕ್ಕೆ ಬಡಿಯುವುದು ಅದರ ಹೊರತುದಿ, ಆದುದರಿಂದ ದೀಪವನ್ನು ಒಳಬದಿಗೆ ಕೂರಿಸಬೇಕು. ದೂರದ ದೀಪಕ್ಕೆ ಹೆಡ್‌ಲೈಟಿನ ಸಮೀಪದ ಬ್ರಾಕೆಟ್ ತಕ್ಕದ್ದು. ತೆಳುವಾದ ತಗಡಿನ ಕ್ಲಾಂಪ್ ನಡುಗುತ್ತದೆ, ನಡುಗುವ ಬೆಳಕು ಸವಾರನ ಕಣ್ಣನ್ನು ದಣಿಸುತ್ತದೆ. ರಬ್ಬರ್ ಪಟ್ಟಿ, ಗಟ್ಟಿ ಬೋಲ್ಟ್, ಸಡಿಲಾಗದ ನೈಲಾನ್ ನಟ್ ಬಳಸಬೇಕು. ದೀಪವು ರೇಡಿಯೇಟರ್ ಅಥವಾ ಆಯಿಲ್ ಕೂಲರಿನ ಗಾಳಿಗೆ ಅಡ್ಡವಾಗಬಾರದು. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ವೈರು ಬಿಗಿಯುವುದಿಲ್ಲವೆಂದೂ, ಮುಂಭಾಗವನ್ನು ಅದುಮಿ ಮಡ್‌ಗಾರ್ಡ್ ದೀಪಕ್ಕೆ ತಗುಲುವುದಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು.

ಗೋಡೆಯ ಮುಂದಿನ ಪರೀಕ್ಷೆ

ಸಮತಟ್ಟಾದ ನೆಲದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ವಾಹನವನ್ನು ನಿಲ್ಲಿಸಿ, ಸವಾರ ಅದರ ಮೇಲೆ ಕುಳಿತು, ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಬೇಕು. ಫಾಗ್ ಲೈಟಿನ ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ದೀಪ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಈ ಬೆಳಕು 45 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ದೂರದ ದೀಪದ ನಡುಬೆಳಕು ಗೆರೆಗಿಂತ 5 ಸೆಂಟಿಮೀಟರ್ ಕೆಳಗಿರಲಿ. 90 ಸೆಂಟಿಮೀಟರ್ ಎತ್ತರದ ದೀಪಕ್ಕೆ ಅದು 135 ಮೀಟರ್ ದೂರವನ್ನು ಕೊಡುತ್ತದೆ.

ಇಲ್ಲಿ ಬಹುತೇಕರು ಕಡೆಗಣಿಸುವ ಸಂಗತಿ ಹೊರೆ. ದೀಪವನ್ನು ಹೊಂದಿಸಿದ್ದು ಬರಿಯ ವಾಹನದ ಮೇಲೆ, ಊರಿಗೆ ಹೊರಡುವುದು ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡೂ ಬದಿಗೆ ಚೀಲ ಕಟ್ಟಿಕೊಂಡು. ಮುಂಭಾಗಕ್ಕಿಂತ ಹಿಂಭಾಗ ಮೂರೇ ಸೆಂಟಿಮೀಟರ್ ಹೆಚ್ಚು ಕುಗ್ಗಿತು ಎನ್ನೋಣ. ಎರಡು ಚಕ್ರಗಳ ನಡುವಣ ದೂರ ಸುಮಾರು 140 ಸೆಂಟಿಮೀಟರ್ ಆದ್ದರಿಂದ ಏಳೂವರೆ ಮೀಟರಿನ ಗೋಡೆಯ ಮೇಲೆ ಬೆಳಕು 16 ಸೆಂಟಿಮೀಟರ್ ಮೇಲೇರುತ್ತದೆ. 10 ಸೆಂಟಿಮೀಟರ್ ಕೆಳಗಿದ್ದ ಅಂಚು ಈಗ ಗೆರೆಯಿಂದ 6 ಸೆಂಟಿಮೀಟರ್ ಮೇಲಿದೆ. 50 ಮೀಟರ್ ದೂರದಲ್ಲಿ ಈ ಏರಿಕೆ ಒಂದು ಮೀಟರಿಗೂ ಮಿಕ್ಕಿ ಆಗುತ್ತದೆ. ಅಂದರೆ ರಸ್ತೆಯ ಮೇಲಿದ್ದ ಬೆಳಕು ಎದುರಿನವನ ಮುಖದ ಮೇಲಿರುತ್ತದೆ. ಆದುದರಿಂದ ಪ್ರಯಾಣದ ಹೊರೆಯೊಡನೆಯೇ, ಟೈರಿನಲ್ಲಿ ಸರಿಯಾದ ಗಾಳಿ ತುಂಬಿಸಿ, ದೀಪವನ್ನು ಹೊಂದಿಸಬೇಕು.

ಕಾನೂನು ಏನನ್ನುತ್ತದೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೆಯ ನಿಯಮದಂತೆ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ವಾಹನದ ಮುಂಭಾಗಕ್ಕೆ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಹಾಕುವಂತಿಲ್ಲ. ಆ ಅನುಮತಿಯೂ ಅಸಾಧಾರಣ ಸಂದರ್ಭಗಳಿಗೆ ಮಾತ್ರ. 108ನೆಯ ನಿಯಮದಂತೆ ಮುಂಭಾಗದಲ್ಲಿ ಕೆಂಪು ಬೆಳಕು ಕೂಡದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 182ಎ ಪ್ರಕರಣವು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ಕೈಗೊಂಡಿದ್ದರು. ಜಹೀರಾಬಾದಿನಾಚೆ ರಾಜ್ಯದ ಗಡಿ ದಾಟುವ ನಮ್ಮ ಸವಾರರು ಇದನ್ನು ನೆನಪಿಡಬೇಕು. ಕಾನೂನಿನ ದೃಷ್ಟಿಯಿಂದಲೂ ಸ್ಪಾಟ್ ದೀಪದ ಆಸೆಯನ್ನು ಬಿಟ್ಟು, ಅನುಮೋದಿತ ಗುರುತುಳ್ಳ ತಗ್ಗಿನ ಫಾಗ್ ಲೈಟನ್ನೋ ತಯಾರಕರ ಅಧಿಕೃತ ದೀಪವನ್ನೋ ಆರಿಸುವುದು, ಕೊಂಡ ರಸೀದಿಯನ್ನು ಜೊತೆಗಿಡುವುದು, ಸಂದೇಹವಿದ್ದರೆ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಜಾಣತನ.

ನಮ್ಮದೇ ದೀಪದ ಎದುರು

ಕತ್ತಲಿಗೆ ಒಗ್ಗಿದ ಕಣ್ಣಿಗೆ ತೀಕ್ಷ್ಣವಾದ ಬೆಳಕು ಬಿದ್ದರೆ ದೃಷ್ಟಿ ಮರಳಲು ಹಲವು ಸೆಕೆಂಡುಗಳು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. 80ರ ವೇಗದಲ್ಲಿ ಒಂದೊಂದು ಸೆಕೆಂಡಿಗೂ 22 ಮೀಟರ್ ರಸ್ತೆ ಕುರುಡಾಗಿಯೇ ಸರಿದುಹೋಗುತ್ತದೆ. ರಸ್ತೆಯ ಅಂಚಿನಲ್ಲಿ ನಡೆದುಹೋಗುವ ರೈತನಿಗೂ ಇದೇ ಪಾಡು. 106ನೆಯ ನಿಯಮವು ಇದಕ್ಕೆ ಒಂದು ಅಳತೆಯನ್ನೇ ಕೊಟ್ಟಿದೆ. ಡಿಪ್ ಮಾಡಿದ ದೀಪವು ಎಂಟು ಮೀಟರಿಗಿಂತ ಆಚೆ ನಿಂತ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಯನ್ನು ಕೋರೈಸಬಾರದು.

ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಜೋಡಣೆ ಮುಗಿದ ರಾತ್ರಿ, ವಾಹನಗಳ ಓಡಾಟವಿಲ್ಲದ ಕತ್ತಲಿನ ಜಾಗದಲ್ಲಿ, ಹೊರೆ ಹೇರಿದ ಮೋಟಾರ್‌ಸೈಕಲ್ಲಿನ ಮೇಲೆ ಗೆಳೆಯರೊಬ್ಬರನ್ನು ಕೂರಿಸಿ, ಹೆಡ್‌ಲೈಟನ್ನು ಡಿಪ್‌ನಲ್ಲಿಟ್ಟು, ಫಾಗ್ ಲೈಟುಗಳನ್ನು ಹಚ್ಚಿಸಿ. ಬಳಿಕ ಮುಂದಕ್ಕೆ ಮೂವತ್ತು ಹೆಜ್ಜೆ ನಡೆದು, ತಿರುಗಿ, ಕಾರಿನ ಚಾಲಕ ಕುಳಿತಷ್ಟು ಎತ್ತರಕ್ಕೆ ಬಗ್ಗಿ ನೋಡಿ. ದೀಪದ ಪಕ್ಕದಲ್ಲಿ ನೆಲವೂ ರಸ್ತೆಯ ಅಂಚೂ ಕಾಣುತ್ತಿದ್ದರೆ ಕೆಲಸ ಸರಿಯಾಗಿದೆ. ಕಣ್ಣು ಮುಚ್ಚಬೇಕೆನಿಸಿದರೆ ಸ್ಪ್ಯಾನರ್ ಹಿಡಿದು ದೀಪವನ್ನು ಇನ್ನಷ್ಟು ಕೆಳಗಿಳಿಸಿ, ಮತ್ತೊಮ್ಮೆ ಹೋಗಿ ನೋಡಿ. ಊರಿನ ಪ್ರಯಾಣ ಅದಾದ ಮೇಲೆ.